ಹದಿನೇಳು ಮಾರು

ನಮ್ಮೂರಲ್ಲಿ ಯಾರೂ ಏನನ್ನೂ ಕಲಕುವುದಿಲ್ಲ. ಕಲಕಬಾರದು, ಅಷ್ಟೇ. ಚಹಾ ಮಾಡಿದರೆ ಸಕ್ಕರೆ ಲೋಟದ ತಳದಲ್ಲೇ ಕೂತಿರುತ್ತದೆ. ಮೊದಲ ಗುಟುಕು ಕಹಿ, ನಡುವಿನದು ಪರವಾಗಿಲ್ಲ, ಕೊನೆಯದು ಬರೀ ಪಾಕ. ಗಂಜಿಗೆ ಉಪ್ಪನ್ನು ಮೇಲೆ ಉದುರಿಸಿಕೊಂಡು ಹಾಗೇ ಕುಡಿಯುತ್ತೇವೆ. ಮದುವೆಯಲ್ಲಿ ಗಂಡು ಹೆಣ್ಣು ದೀಪ ಸುತ್ತುವುದಿಲ್ಲ. ಏಳು ಹೆಜ್ಜೆ ನೆಟ್ಟಗೆ ಮುಂದೆ ಹೋಗಿ, ಏಳು ಹೆಜ್ಜೆ ಹಾಗೇ ಹಿಂದಕ್ಕೆ ಬರುತ್ತಾರೆ. ಪ್ರತಿ ಮದುವೆಯಲ್ಲೂ ಯಾರಾದರೊಬ್ಬರು ಎಡವಿ ಬೀಳುತ್ತಾರೆ, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಮಕ್ಕಳು ಗಿರಗಿರನೆ ತಿರುಗಿ ಆಡಿದರೆ ಬೆನ್ನಿಗೆ ಒಂದು ಗುದ್ದು ಗ್ಯಾರಂಟಿ. ನಾವು ಕಲಕಿದರೆ ಕೆರೆ ಕಲಕುತ್ತದೆ, ಕೆರೆ ಕಲಕಿದರೆ ಊರಿಲ್ಲ ಎಂದು ನಮಗೆ ಮಾತು ಬರುವ ಮೊದಲೇ ಕಲಿಸಿರುತ್ತಾರೆ.

ಕೆರೆ ಅಂದರೆ ನಿಮ್ಮ ಕಡೆಯ ಕೆರೆಯಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಸೂರ್ಯ ಮುಖ ತೋರಿಸದ, ಎಲ್ಲಿ ಹುಡುಕಿದರೂ ಒಂದು ಕಡ್ಡಿ ಸೌದೆ ಸಿಗದ ಊರು ನಮ್ಮದು. ಊರ ನಡುವೆ ಎರಡಾಳು ದಪ್ಪದ ಹಿಮಗಡ್ಡೆ ಹೊದ್ದುಕೊಂಡು ಕೆರೆ ಮಲಗಿದೆ. ಗಡ್ಡೆಯ ಕೆಳಗೆ ಮೊದಲು ಸಿಹಿನೀರು, ಕುಡಿಯುವುದಕ್ಕೆ. ಅದರ ಕೆಳಗೆ ಕುರುಡುನೀರು. ಅತ್ತ ಸಿಹಿಯೂ ಅಲ್ಲ, ಇತ್ತ ಉಪ್ಪೂ ಅಲ್ಲ, ಕೈಯಿಟ್ಟರೆ ಮೂಳೆ ಕಚ್ಚುತ್ತದೆ. ಅದರ ಕೆಳಗೆ ಬಾಣಂತಿನೀರು. ಬಾಯಿಗಿಟ್ಟರೆ ಉಗುಳಬೇಕು, ಅಷ್ಟು ಉಪ್ಪು. ಆದರೆ ಬೆಚ್ಚಗೆ! ಈಗ ತಾನೇ ಎದ್ದುಹೋದವರ ಹಾಸಿಗೆಯ ಹಾಗೆ ಬೆಚ್ಚಗೆ. ಅದಕ್ಕೂ ಕೆಳಗೆ ಕರಿನೀರು. ಅದರ ಸುದ್ದಿಯನ್ನೇ ನಾವು ಎತ್ತುವುದಿಲ್ಲ. ಯಾವುದೋ ಕಾಲದಲ್ಲಿ ಒಂದೇ ಒಂದು ಕೊಡ ಮೇಲೆ ಬಂದು, ಕೊಳೆತ ಮೊಟ್ಟೆಯ ನಾತ ಹೊಡೆದು, ಒಂದು ಮನೆಯವರೆಲ್ಲ ಮಲಗಿದವರು ಮಲಗಿದಂತೆಯೇ ಉಳಿದರಂತೆ. ನಾಲ್ಕು ನೀರೂ ಒಂದೇ ಕೆರೆಯಲ್ಲಿವೆ, ಒಂದರ ಮನೆಗೆ ಇನ್ನೊಂದು ಹೋಗುವುದಿಲ್ಲ.

ನಮ್ಮ ಬದುಕೆಲ್ಲ ಆ ಬಾಣಂತಿನೀರಿನ ಮೇಲೆ ನಿಂತಿದೆ. ಚರ್ಮದ ಚೀಲಗಳಿಗೆ ತುಂಬಿ ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತೇವೆ, ಮುದುಕರ ಮೊಣಕಾಲಿಗೆ ಕಟ್ಟುತ್ತೇವೆ. ಹುಟ್ಟಿದ ಕೂಸಿನ ಮೊದಲ ಸ್ನಾನವೂ ಅದರಲ್ಲೇ. ಬೋಗುಣಿಗೆ ಮೊದಲು ಸಿಹಿನೀರು ಹಾಕಿ, ಆಮೇಲೆ ಬಾಣಂತಿನೀರು ಸುರಿಯುತ್ತೇವೆ. ಉಪ್ಪುನೀರು ಭಾರ ನೋಡಿ, ಅದು ಬಿಸಿಯಾಗಿ ಅಡಿಗೆ ಇಳಿಯುತ್ತದೆ, ತಣ್ಣನೆಯದು ಮೇಲೆ ನಿಲ್ಲುತ್ತದೆ. ಕಲಕುವ ಹಾಗಿಲ್ಲವಲ್ಲ! ಕೂಸಿಗೆ ಬೆನ್ನು ಬೆಚ್ಚಗೆ, ಹೊಟ್ಟೆ ತಣ್ಣಗೆ. ನಾವೆಲ್ಲ ಹಾಗೇ ಕಿಟಾರನೆ ಕಿರುಚಿಕೊಂಡು ಬೆಳೆದವರು.

ಆ ನೀರನ್ನು ಎತ್ತುವ ಕೆಲಸ ನಮ್ಮ ಮನೆಯ ಹೆಂಗಸರದು. ಹಗ್ಗದವಳು ಎಂದು ಕರೆಯುತ್ತಾರೆ. ಅಡಿಗೆ ಕಲ್ಲು ಕಟ್ಟಿದ, ತುಪ್ಪಳ ಸುತ್ತಿದ ಕೊಡ; ಅದಕ್ಕೆ ಒಂದು ದಪ್ಪ ಹಗ್ಗ, ಮುಚ್ಚಳಕ್ಕೆ ಒಂದು ಸಣ್ಣ ಹಗ್ಗ. ದಪ್ಪ ಹಗ್ಗಕ್ಕೆ ಮಾರಿಗೊಂದು ಗಂಟು. ಹದಿನೇಳನೆಯ ಗಂಟು ಬೆರಳಿಗೆ ಸಿಕ್ಕಿದ ಕೂಡಲೇ ನಿಲ್ಲಿಸಿ, ಸಣ್ಣ ಹಗ್ಗ ಎಳೆದರೆ ಮುಚ್ಚಳ ತೆರೆಯುತ್ತದೆ, ನೀರು ತುಂಬುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಹದಿನೇಳಕ್ಕೆ ಬಾಣಂತಿನೀರು, ಅದನ್ನು ದಾಟಿದರೆ ಕರಿನೀರು. ಇದು ನನ್ನ ಸೋದರತ್ತೆ ಹೊನ್ನತ್ತೆಗೆ ಅವಳ ದೊಡ್ಡಮ್ಮ ಹೇಳಿಕೊಟ್ಟಿದ್ದು, ಆ ದೊಡ್ಡಮ್ಮನಿಗೆ ಇನ್ಯಾರೋ. ಎಲ್ಲರೂ ಬಾಗಿಲಿಗೆ ತಲೆ ತಾಗಿಸಿಕೊಂಡು ಓಡಾಡಿದ ಆಳೆತ್ತರದ ಹೆಂಗಸರು. ನಾನೊಬ್ಬಳು ಅದು ಹೇಗೋ ಹೀಗೆ ಹುಟ್ಟಿಬಿಟ್ಟೆ. ಊರವರು ನನ್ನನ್ನು ಅರ್ಧಸೇರು ಎಂದು ಚುಡಾಯಿಸುತ್ತಿದ್ದರು. ಹೆಸರು ನಂಜಕ್ಕ ಎಂಬುದು ನೆನಪಾಗುತ್ತಿದ್ದುದು ನೀರು ಬೇಕಾದಾಗ ಮಾತ್ರ.

ಈ ಕಥೆ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಡುವೆ ಎದ್ದು ನಿಂತು ಕೈ ಬೀಸಿದರೆ ಏನೂ ಅಂದುಕೊಳ್ಳಬೇಡಿ.

ಆ ವರ್ಷ ಸೂರ್ಯ ವಾಪಸು ಬರುವ ಹೊತ್ತಿಗೆ ಸರಿಯಾಗಿ ಹೊನ್ನತ್ತೆ ತೀರಿಕೊಂಡಳು. ಹಗ್ಗದವಳು ಹೋದರೆ ಅವಳ ಹಗ್ಗವೂ ಅವಳ ಜೊತೆಗೇ ಹೋಗಬೇಕು. ಅವಳ ಸೊಂಟಕ್ಕೆ ಅದನ್ನು ಸುತ್ತಿ ಕೆರೆಗೆ ಒಪ್ಪಿಸಿದೆವು. ಆಮೇಲೆ ಹದಿಮೂರನೆಯ ದಿನದವರೆಗೆ ಯಾರೂ ಕೊಡ ಇಳಿಸುವಂತಿಲ್ಲ. ಅಷ್ಟರೊಳಗೆ ಹೊಸಬಳು ಹೊಸ ಹಗ್ಗ ಹೊಸೆದು ತಾನೇ ಅಳೆದು ಗಂಟು ಹಾಕಬೇಕು. ನಾನು ಹೊನ್ನತ್ತೆಯ ಹಳೆಯ ತುಪ್ಪಳದ ಕೋಟು ಹಾಕಿಕೊಂಡು, ತೋಳನ್ನು ಎರಡು ಮಡಿಕೆ ಮಡಚಿಕೊಂಡು, ಎದೆಯುಬ್ಬಿಸಿ, ಎರಡೂ ಕೈ ಚಾಚಿ ಅಳೆದೆ. ಒಂದು ಮಾರು, ಎರಡು ಮಾರು, ಮೂರು ಮಾರು. ಕಣ್ಣಲ್ಲಿ ನೀರು ಬೇರೆ. ಹದಿನೇಳಕ್ಕೆ ಕೆಂಪು ದಾರ ಕಟ್ಟಿದೆ.

ಹತ್ತನೆಯ ದಿನಕ್ಕೆ ಪದ್ಮಿನಿಗೆ ನೋವು ಶುರುವಾಯಿತು. ಏಳು ತಿಂಗಳಿಗೇ!

ಪದ್ಮಿನಿ ಹಿಂದಿನ ಬೇಸಿಗೆಯಲ್ಲಿ ಹಡಗಿನಲ್ಲಿ ಬಂದವಳು. ನಮ್ಮ ಜಾರುಬಂಡಿ ಓಡಿಸುವ ಚನ್ನಿಗ ಅಕ್ಕಿಮೂಟೆ ಇಳಿಸಲು ದಡಕ್ಕೆ ಹೋದವನು ಇವಳನ್ನೂ ಕರೆದುಕೊಂಡು ಬಂದ. ನಗುಮುಖದ ಹುಡುಗಿ. ಮದುವೆಯಲ್ಲಿ ಹಿಂದಕ್ಕೆ ನಡೆಯುವಾಗ ಮೂರು ಸಲ ಬಿದ್ದು, ಮೂರು ಸಲವೂ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ನನ್ನನ್ನು ಒಂದು ದಿನವೂ ಅರ್ಧಸೇರು ಅನ್ನಲಿಲ್ಲ. ಕತ್ತಲ ತಿಂಗಳು ಶುರುವಾಗುವ ಮೊದಲು ಒಂದು ಮಧ್ಯಾಹ್ನ ಅವಳ ಮನೆಗೆ ನೀರು ಕೊಡಲು ಹೋದಾಗ ಚಹಾ ಕೊಟ್ಟಳು. ಕೊಡುವ ಮೊದಲು ಸೆರಗಿನ ಮರೆಯಿಂದ ಒಂದು ಸಣ್ಣ ಸ್ಟೀಲಿನ ಚಮಚ ತೆಗೆದು ಲೋಟದೊಳಗಿಟ್ಟು, ಟಿಣಿಟಿಣಿ ಎಂದು ತಿರುಗಿಸಿದಳು.

ನಾನು ಬಾಗಿಲ ಕಡೆ ತಿರುಗಿ ನೋಡಿದೆ. "ಅಯ್ಯಯ್ಯೋ, ಏನೇ ಮಾಡ್ತಿದ್ದೀಯಾ!"

"ಒಂದೇ ಒಂದು ಸಲ ಕುಡಿದು ನೋಡಿ ನಂಜಕ್ಕ. ಆಮೇಲೆ ಬೈಯಿರಿ."

ಕುಡಿದೆ. ಮೊದಲ ಗುಟುಕೇ ಸಿಹಿ! ಎರಡನೆಯದೂ ಸಿಹಿ! ತಳದವರೆಗೂ ಒಂದೇ ಹದ! ನಲವತ್ತು ವರ್ಷ ಕಹಿ ಕುಡಿದು ಸಿಹಿಗೆ ಕಾದವಳು ನಾನು. ನಾಲಿಗೆಗೆ ಏನಾಯಿತೆಂದು ನಿಮಗೆ ಹೇಗೆ ಹೇಳಲಿ? ಮನೆಗೆ ಬಂದು ಕಿಟಕಿಯಿಂದ ಕೆರೆಯನ್ನೇ ನೋಡುತ್ತಾ ಕೂತೆ. ಮಾರನೆಯ ದಿನ ಹೊನ್ನತ್ತೆಯ ಕೊಡ ಬೆಚ್ಚಗೇ ಬಂತು. ಯಾರಿಗೂ ಉಸಿರು ಬಿಡಲಿಲ್ಲ. ಆಮೇಲೆ ಮತ್ತೂ ನಾಲ್ಕು ಸಲ ಅವಳ ಮನೆಗೆ ಹೋಗಿ ಅದೇ ಚಹಾ ಕುಡಿದು ಬಂದೆ. ಸುಳ್ಳೇಕೆ ಹೇಳಲಿ, ಆರು ಸಲ.

ಈಗ ಹೆರಿಗೆಯಾಯಿತು. ಹೆಣ್ಣುಕೂಸು, ಅಂಗೈಯಗಲ. ಅಳಲಿಲ್ಲ, ಬೆಕ್ಕಿನ ಮರಿಯಂತೆ ಒಂದೆರಡು ಸಲ ಮಿಯ್ ಅಂದಿತು, ಅಷ್ಟೇ. ಸೂಲಗಿತ್ತಿ ಕಾಳವ್ವ ಅದನ್ನು ತುಪ್ಪಳದಲ್ಲಿ ಸುತ್ತಿ, "ಬಿಸಿ ಬೇಕು. ಹಗಲೂ ರಾತ್ರಿ ಬಿಸಿ ಬೇಕು. ಆರಿದ್ರೆ ಇದೂ ಆರೋಯ್ತದೆ" ಅಂದಳು. ಚಳಿಗಾಲದ ಕೊನೆ, ಊರಲ್ಲಿ ಮೀನೆಣ್ಣೆ ತಳ ಕಂಡಿತ್ತು, ಒಂದು ಲೋಟ ಚಹಾ ಕಾಯಿಸುವುದಕ್ಕೂ ಹಿಂದೆಮುಂದೆ ನೋಡುವ ಸ್ಥಿತಿ. ಹೊನ್ನತ್ತೆ ಸಾಯುವ ಮೊದಲು ಎತ್ತಿದ್ದ ನೀರನ್ನು ಹಾಸಿಗೆಯೊಳಗೆ ಮೈಬಿಸಿಯಲ್ಲೇ ಯಾರ್ಯಾರು ಇನ್ನೂ ಉಗುರುಬೆಚ್ಚಗೆ ಉಳಿಸಿಕೊಂಡಿದ್ದರೋ ಅದನ್ನೆಲ್ಲ ತಂದುಕೊಟ್ಟರು. ಮುದುಕರು ಮೊಣಕಾಲಿಗೆ ಕಟ್ಟಿಕೊಂಡಿದ್ದನ್ನು ಬಿಚ್ಚಿ ಕಳಿಸಿದರು. ಆ ಚೀಲಗಳನ್ನು ಕೂಸಿನ ಸುತ್ತ ಪೇರಿಸಿ ಮೂರು ದಿನ ಹೇಗೋ ದೂಡಿದೆವು. ಹದಿಮೂರನೆಯ ದಿನ ಬೆಳಗ್ಗೆ ಕಾಳವ್ವ ನನ್ನ ಕೈ ಹಿಡಿದು, "ನಂಜಿ, ಇನ್ ನಿನ್ ಕೈಲೈತೆ ಕಣವ್ವ" ಅಂದಳು. ಎಲ್ಲ ಚೀಲವೂ ತಣ್ಣಗಾಗಿದ್ದವು.

ಸೂರ್ಯ ಆಗ ದಿನಕ್ಕೆ ಎರಡು ತಾಸು ಇರುತ್ತಿದ್ದ. ಅವನು ಗುಡ್ಡದ ಅಂಚಿಗೆ ಬಂದ ಕೂಡಲೇ ಊರಿಗೆ ಊರೇ ಕೆರೆಯ ಮೇಲೆ ಸೇರಿತು, ಎಪ್ಪತ್ತು ಜನ. ಹೊಸ ಹಗ್ಗದ ಮೊದಲ ಕೊಡ ಊರಿನ ಎಲ್ಲಕ್ಕಿಂತ ಸಣ್ಣ ಜೀವಕ್ಕೆ ಹೋಗಬೇಕು ಎಂಬುದು ನಮ್ಮ ಪದ್ಧತಿ. ಆ ಸಲ ಅದು ಯಾರೆಂದು ಯಾರೂ ಕೇಳುವ ಹಾಗಿರಲಿಲ್ಲ. ಯಜಮಾನ ಮರಿಸಿದ್ದಪ್ಪ ಹಿಮದ ತೂತಿನ ಪಕ್ಕ ನಿಂತಿದ್ದರು. ಹೊನ್ನತ್ತೆಗೆ ಸಮಸಮ ಎತ್ತರದ ಆಳು, ಅವಳ ಸ್ವಂತ ತಮ್ಮ; ನನಗೆ ಚಿಕ್ಕಪ್ಪನಾದರೂ ಕೆರೆಯ ಮೇಲೆ ಯಜಮಾನರೇ. "ಇಳ್ಸು ನಂಜಿ" ಅಂದರು.

ಇಳಿಸಿದೆ. ಒಂದು, ಎರಡು, ಮೂರು. ಎಲ್ಲರೂ ನನ್ನ ಜೊತೆ ಎಣಿಸುತ್ತಿದ್ದರು. ಹದಿನೇಳರ ಕೆಂಪು ದಾರ ಬೆರಳಿಗೆ ತಾಗಿತು. ಆಗ ಏನೋ ಒಂದು ಸರಿಯಿಲ್ಲ ಅನ್ನಿಸಿತು ನೋಡಿ. ಹೊನ್ನತ್ತೆ ಯಾವಾಗಲೂ ಹೇಳುತ್ತಿದ್ದಳು, "ಬಾಣಂತಿನೀರಿಗೆ ಕೊಡ ಇಳೀತು ಅಂದ್ರೆ ಹಗ್ಗ ಉಸ್ ಅಂತ ಉಸಿರು ಬುಡ್ತದೆ ಕಣೆ, ಕೈಗೆ ಹಗುರ ಆಯ್ತದೆ" ಎಂದು. ನನ್ನ ಹಗ್ಗ ಹಾಗೇ ಬಿಗಿಯಾಗಿ ನಿಂತಿತ್ತು. ಭಯಕ್ಕೆ ನನ್ನ ಕೈಗೇ ಗೊತ್ತಾಗುತ್ತಿಲ್ಲವೇನೋ ಅಂದುಕೊಂಡು ಸಣ್ಣ ಹಗ್ಗ ಎಳೆದೆ.

ಮೇಲೆ ಬಂದ ಕೊಡಕ್ಕೆ ಕಾಳವ್ವ ಮೊಣಕೈ ಅದ್ದಿದಳು. ಅದ್ದಿದವಳು ಹಾಗೇ ಕೂತಳು. "ತಣ್ಣಗೈತೆ."

ಎರಡನೆಯ ಸಲವೂ ತಣ್ಣಗೆ. ಮೂರನೆಯ ಸಲವೂ ತಣ್ಣಗೆ. ಯಾರೋ ಹೆಂಗಸು ಗೊಳೋ ಎಂದು ಅಳತೊಡಗಿದಳು. ಮರಿಸಿದ್ದಪ್ಪ ಕೊಡದೊಳಗೆ ಎರಡು ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿಕೊಂಡರು. ಅವರ ಮುಖ ಬಿಳಿಚಿಕೊಂಡಿತು. "ಇದು ಕುರುಡುನೀರು. ಕೆರೆ ಕಲಕೋಗದೆ. ಯಾರೋ ಕಲಕವ್ರೆ."

ಎಪ್ಪತ್ತು ಜೊತೆ ಕಣ್ಣು ನನ್ನ ಮೇಲೆ ಬಿದ್ದವು. ಹೊಸ ಹಗ್ಗ ನನ್ನದು, ಕೈ ನನ್ನದು. "ನಂಜಿ, ಹಗ್ಗ ತಿರುಚುದ್ಯಾ? ಕೊಡ ಗಿರಕಿ ಹೊಡೀತಾ? ನಿಜ ಹೇಳು" ಎಂದು ಯಜಮಾನರು ಕೇಳಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಗ ನಾನು ಆಡಿದ ಮಾತು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ.

"ನಾನಲ್ಲ ಯಜಮಾನ್ರೆ. ಪದ್ಮಿನಿ... ಅವಳ ತಾವ ಚಮಚ ಐತೆ. ಚಾ ತಿರುಗುಸ್ತಾಳೆ."

ಹೇಳಿಬಿಟ್ಟೆ! ನನಗೆ ಕರೆದು ಕರೆದು ಚಹಾ ಕೊಟ್ಟವಳನ್ನು! ಮಾತು ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳುವುದು ಹೇಗೆ? ಚನ್ನಿಗ ಅಲ್ಲೇ ನಿಂತಿದ್ದವನು ನನ್ನ ಮುಖ ನೋಡಿ, ಮನೆಯ ಕಡೆ ಹೊರಟ. ಅವನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಜನ ದಡದಡ ಅವನ ಮನೆಯ ಕಡೆ ನಡೆದರು. ನಾನು ಎಲ್ಲರ ಹಿಂದೆ ಕಾಲೆಳೆದುಕೊಂಡು ಹೋದೆ. ಪದ್ಮಿನಿ ಕೂಸನ್ನು ಎದೆಗೊತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು. ಮರಿಸಿದ್ದಪ್ಪ ಕೈ ಚಾಚಿದರು. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ದಿಂಬಿನ ಕೆಳಗಿಂದ ಚಮಚ ತೆಗೆದುಕೊಟ್ಟು, "ಇದಾ? ಇದು ನಮ್ಮಮ್ಮ ಕೊಟ್ಟಿದ್ದು" ಅಂದಳು. ಅವರು ಅದನ್ನು ಕೆಂಡ ಮುಟ್ಟಿದಂತೆ ಎರಡು ಬೆರಳಲ್ಲಿ ಹಿಡಿದು ಕೋಟಿನ ಜೇಬಿಗೆ ಇಳಿಸಿದರು.

ಮರಿಸಿದ್ದಪ್ಪ ಕೆಟ್ಟವರಲ್ಲ. ಅದನ್ನು ನಾನು ಹೇಳಲೇಬೇಕು. ತೀರ್ಪು ಹೇಳುವಾಗ ಅವರು ಕೂಸಿನ ಕಡೆ ನೋಡಲಿಲ್ಲ. ಕಲಕಿದವರು ಊರಲ್ಲಿರುವ ತನಕ ಕೆರೆ ಕೂತುಕೊಳ್ಳುವುದಿಲ್ಲ. ಸೂರ್ಯ ಇಳಿಯುವುದರೊಳಗೆ ಪದ್ಮಿನಿ ಹೊರಡಬೇಕು, ಸಮುದ್ರದ ದಡದಲ್ಲಿ ಹಡಗಿನ ಸಾಮಾನು ಇಡುವ ಕೊಟ್ಟಿಗೆಯಿದೆಯಲ್ಲ, ಅಲ್ಲಿರಬೇಕು, ಹಡಗು ಬರುವ ತನಕ.

"ಕೂಸು?" ಅಂದಳು ಕಾಳವ್ವ.

"ತಾಯಿ ಬುಟ್ಟು ಕೂಸು ಇರೋದುಂಟಾ?"

"ಆ ಚಳೀಲಿ ಅರ್ಧ ದಾರೀಗೂ ಉಳಿಯಾಕಿಲ್ಲ ಕಣಪ್ಪ ಅದು!"

"ಇಲ್ಲಿ ಮಾತ್ರ ಯಾವ ಬಿಸಿ ಐತೆ ಕಾಳವ್ವ? ಎಪ್ಪತ್ ಜನ ಅವ್ರೆ. ನಾನೇನ್ ಮಾಡ್ಲಿ, ನೀನೇ ಹೇಳು" ಎಂದು ಅವರು ಗೋಡೆಯ ಕಡೆ ತಿರುಗಿಕೊಂಡರು.

ಚನ್ನಿಗ ಹೊರಗೆ ಜಾರುಬಂಡಿಗೆ ನಾಯಿಗಳನ್ನು ಕಟ್ಟತೊಡಗಿದ. ಪದ್ಮಿನಿ ಎದ್ದಳು. ಬಟ್ಟೆ ಗಂಟು ಕಟ್ಟಿಕೊಳ್ಳಬೇಕಿತ್ತು, ಕೈಯಲ್ಲಿ ಕೂಸು. ಸುತ್ತ ಅಷ್ಟು ಜನರಿದ್ದರೂ ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಹತ್ತಿರವೇ ಬಂದಳು. ಯಾರು ಹೇಳಿದರೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ನೀವೂ ಕುಡಿದಿರಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ನನ್ನನ್ನೂ ಅದೇ ಬಂಡಿಗೆ ಹತ್ತಿಸುತ್ತಿದ್ದರು. ಅನ್ನಲಿಲ್ಲ.

"ಅಕ್ಕ, ಒಂದು ನಿಮಿಷ ಇವಳನ್ನ ಹಿಡ್ಕೊಳ್ತೀರಾ?" ಅಂದಳು.

ಹಿಡಿದುಕೊಂಡೆ. ಏನೂ ಭಾರವೇ ಇಲ್ಲ. ಕಣ್ಣು ಮುಚ್ಚಿತ್ತು, ತುಟಿ ನೀಲಿ. ತುಪ್ಪಳದಿಂದ ಒಂದು ಪುಟ್ಟ ಪಾದ ಹೊರಗೆ ಬಂದಿತ್ತು, ಮುಟ್ಟಿದರೆ ಹಿಮಗಡ್ಡೆ. ಅಯ್ಯೋ ಕಂದ ಎಂದು ಆ ಪಾದ ಮುಚ್ಚಲು ಏನೂ ಸಿಗದೆ, ಹೊನ್ನತ್ತೆಯ ಕೋಟಿನ ತೋಳಿನ ಮಡಿಕೆ ಬಿಚ್ಚಿದೆ. ಬಿಚ್ಚಿದ ತೋಳು ನನ್ನ ಬೆರಳು ದಾಟಿ, ಕೂಸಿನ ಕಾಲು ದಾಟಿ, ಇನ್ನೂ ಜೋತಾಡಿತು. ಇನ್ನೊಂದು ಕಡೆಯೂ ಅಷ್ಟೇ. ಆಚೆಗೊಂದು ಗೇಣು, ಈಚೆಗೊಂದು ಗೇಣು, ಖಾಲಿ ತೋಳು.

ಹೊನ್ನತ್ತೆಯ ಕೈ ಅಲ್ಲಿಯವರೆಗೆ ಹೋಗುತ್ತಿತ್ತು. ನನ್ನದು ಇಲ್ಲಿಗೇ ಮುಗಿದಿತ್ತು.

ಅಲ್ಲಾ, ಮಾರು ಅಂದರೆ ಮಾರು ಎಂದುಕೊಂಡೇ ನಾವು ಬದುಕಿದ್ದೆವು! ಹಗ್ಗದವಳು ಕೈ ಚಾಚಿದ್ದೇ ಮಾರು, ಅದು ಕೈಯಿಂದ ಕೈಗೆ ಬೇರೆಯಾದೀತು ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ, ಎಲ್ಲರೂ ಒಂದೇ ಎತ್ತರದ ಹೆಂಗಸರು ನೋಡಿ. ಮಾರಿಗೆ ಎರಡು ಗೇಣು ಖೋತಾ. ಹದಿನೇಳು ಮಾರಿಗೆ ಮೂವತ್ತನಾಲ್ಕು ಗೇಣು. ನನ್ನ ಒಂದು ಮಾರಿಗೆ ಎಂಟು ಗೇಣು. ಎಂಟು ನಾಲ್ಕಲ ಮೂವತ್ತೆರಡು. ನಾಲ್ಕು ಮಾರು, ಮೇಲೆ ಎರಡು ಗೇಣು!

"ಕಲಕಿಲ್ಲ!" ಎಂದು ಕಿರುಚಿದೆ. ಕೂಸನ್ನು ಕಾಳವ್ವನ ಮಡಿಲಿಗಿಟ್ಟು ಹೊರಗೆ ಓಡಿದೆ. "ಕೆರೆ ಕಲಕಿಲ್ಲ! ನನ್ನ ಕೈ ಗಿಡ್ಡ! ನನ್ನ ಕೈ ಗಿಡ್ಡ ಕಣ್ರೋ!"

ಹೆದರಿಕೆಗೆ ನನಗೆ ಬುದ್ಧಿ ಕೆಟ್ಟಿತೆಂದೇ ಎಲ್ಲರೂ ತಿಳಿದರು. ಹಿಮದ ಮೇಲೆ ಜಾರಿ ಬಿದ್ದು ಎದ್ದು ತೂತಿನ ಹತ್ತಿರ ಹೋಗಿ ಹಗ್ಗ ಎಳೆದುಕೊಂಡೆ. ಹಿಂದೆಯೇ ಬಂದ ಮರಿಸಿದ್ದಪ್ಪ ಹಗ್ಗದ ಮೇಲೆ ಕಾಲಿಟ್ಟು ನಿಂತರು.

"ಹದಿನೇಳರ ಮೇಲೆ ಒಂದು ಬೆರಳೂ ಬುಡಕೂಡ್ದು ನಂಜಿ. ಕರಿನೀರು ಬಂದ್ರೆ ಇವತ್ತೇ ಎಲ್ರೂ ಮುಗುದ್ವಿ."

"ಹದಿನೇಳಲ್ಲ ಯಜಮಾನ್ರೆ ಇದು! ನೀವು ನಿಮ್ಮಕ್ಕನಷ್ಟೇ ಎತ್ತರ. ನೀವೇ ಅಳೀರಿ. ನಿಮ್ ಕೈಲಿ ಹದಿನೇಳು ಬಂದ್ರೆ ನನ್ನೂ ಆ ಬಂಡೀಗೆ ಹಾಕಿ ಕಳ್ಸಿ."

ಅವರು ಅನುಮಾನದಿಂದಲೇ ಹಗ್ಗ ಕೈಗೆತ್ತಿಕೊಂಡರು. ಕೈ ಅಗಲಿಸಿದರು. ಒಂದು. ನನ್ನ ಗಂಟು ಅವರ ಆಚೆ ಕೈಯ ಮೊಣಕೈಗೇ ನಿಂತಿತು. ಎರಡು. ಮೂರು. ಜನ ಗುಂಪುಗೂಡಿ ಮತ್ತೆ ಎಣಿಸತೊಡಗಿದರು. ಹತ್ತು. ಹನ್ನೊಂದು. ಹದಿಮೂರು ಅಂದರು, ಹದಿಮೂರೂವರೆಗೆ ಕೆಂಪು ದಾರ ಅವರ ಬೆರಳಿಗೆ ಬಂತು. ಅವರು ಕೆಂಪು ದಾರ ನೋಡಿದರು, ತಮ್ಮ ಕೈ ನೋಡಿಕೊಂಡರು, ನನ್ನ ಜೋತಾಡುವ ತೋಳು ನೋಡಿದರು.

"ಆ ಚಮಚ..." ಎಂದು ಯಾರೋ ಹಿಂದಿನಿಂದ ಅಂದರು.

"ಆ ಚಾ ನಾನೂ ಕುಡ್ದಿದೀನಿ!" ಅಂದೆ. ಇನ್ನು ಮುಚ್ಚಿಡುವುದೇನಿತ್ತು? "ಒಂದಲ್ಲ ಏಳು ಸಲ! ಮೇಲಿಂದ ತಳದ ಗಂಟ ಸಿಹಿ! ಹೊನ್ನತ್ತೆ ಅದಾದ ಮೇಲೂ ಚಳಿಗಾಲ ಪೂರ್ತಿ ಬಿಸಿನೀರೇ ಎತ್ತುದ್ಳು, ನೀವೆಲ್ಲ ಅದ್ರಲ್ಲೇ ಕಾಲು ಕಾಯಿಸ್ಕೊಂಡ್ರಿ. ಹೆದ್ರಿಕೊಂಡು ಅವ್ಳ್ ಮೇಲೆ ಹಾಕ್ದೆ. ತಪ್ಪು ನಂದು. ಆಮೇಲೆ ಏನಾರ ಮಾಡಿ ನನ್ನ. ಈಗ ಹಗ್ಗ ಕೊಡಿ, ಹೊತ್ತು ಹೋಯ್ತಾ ಐತೆ!"

ಸೂರ್ಯ ಗುಡ್ಡಕ್ಕೆ ಅರ್ಧ ಇಳಿದಿದ್ದ. ನಾಲ್ಕು ಮಾರು ಎರಡು ಗೇಣು ಹಗ್ಗ ಎಲ್ಲಿಂದ ತರಲಿ? ಚನ್ನಿಗ ಒಂದು ಮಾತೂ ಕೇಳದೆ ಜಾರುಬಂಡಿಯ ಹಗ್ಗ ಬಿಚ್ಚಿ ತಂದ. ನಾಯಿಗಳು ಬಿಡುಗಡೆಯಾಗಿ ನಮ್ಮ ಸುತ್ತ ಬೊಗಳುತ್ತಾ ಓಡಾಡಿದವು. ಅವನೇ ಸೇರಿಸಿ ಬಿಗಿದ, ನಾನು ನನ್ನ ಕೈಯಲ್ಲೇ ಅಳೆದು ಮಾರಿಗೊಂದು ಗಂಟು ಹಾಕಿದೆ, ಅವನು ಸಣ್ಣ ಹಗ್ಗಕ್ಕೂ ಅಷ್ಟೇ ಉದ್ದ ಸೇರಿಸಿದ. ಮರಿಸಿದ್ದಪ್ಪ ಹೆಂಗಸರಿಗೆ ಮಕ್ಕಳನ್ನು ಎತ್ತಿಕೊಂಡು ದೂರ ಹೋಗಲು ಹೇಳಿದರು. ತಾವು ಮಾತ್ರ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ನೀವೂ ಹೋಗಿ ಯಜಮಾನ್ರೆ."

"ಸುಮ್ಕೆ ಇಳ್ಸೆ" ಅಂದರು.

ಹದಿನೇಳರ ಕೆಂಪು ದಾರ ಬೆರಳಲ್ಲಿ ಜಾರಿತು. ನಮ್ಮ ಊರಲ್ಲಿ ಯಾವ ಹಗ್ಗದವಳೂ ಬಿಡದ ಗಂಟು ಅದು, ಬಿಟ್ಟೆ! ಹದಿನೆಂಟು. ಹಗ್ಗ ಬಿಗಿ. ಹತ್ತೊಂಬತ್ತು. ಮೂಗು ಅರಳಿಸಿ ವಾಸನೆ ನೋಡಿದೆ, ಬರೀ ಹಿಮದ ವಾಸನೆ. ಇಪ್ಪತ್ತು. ಮರಿಸಿದ್ದಪ್ಪ ಬಾಯಲ್ಲಿ ಏನೋ ಜಪಿಸುತ್ತಿದ್ದರು. ಇಪ್ಪತ್ತೊಂದು. ಬಿಗಿ, ಬಿಗಿಯಾಗಿಯೇ ಇದೆ! ನನ್ನ ಲೆಕ್ಕ ತಪ್ಪಿತೇ? ಕಣ್ಣಿಗೆ ಬಂದ ನೀರು ಅಲ್ಲೇ ಹೆಪ್ಪುಗಟ್ಟುತ್ತಿತ್ತು. ಒಂದು ಗೇಣು ಬಿಟ್ಟೆ. ಇನ್ನೊಂದು ಗೇಣು.

ಹಗ್ಗ ಉಸಿರು ಬಿಟ್ಟಿತು! ಹೊನ್ನತ್ತೆ ಹೇಳಿದ ಹಾಗೇ, ಉಸ್ ಎಂದು, ಕೆಳಗೆ ಯಾರೋ ಕೊಡವನ್ನು ಅಂಗೈಯಲ್ಲಿ ಹಿಡಿದುಕೊಂಡಂತೆ ಕೈಗೆ ಹಗುರವಾಯಿತು. ನಾನು ಅಳುತ್ತಾ ನಗುತ್ತಾ ಸಣ್ಣ ಹಗ್ಗ ಎಳೆದೆ. ಚನ್ನಿಗನೂ ಯಜಮಾನರೂ ಸೇರಿ ದಪ್ಪ ಹಗ್ಗ ಜಗ್ಗಿದರು. ಕೊಡ ಮೇಲೆ ಬಂದು ಮುಚ್ಚಳ ತೆಗೆದರೆ ಮುಖಕ್ಕೆ ಹಬೆ! ಮರಿಸಿದ್ದಪ್ಪ ಮೊಣಕೈಯವರೆಗೂ ಕೈ ಇಳಿಸಿ ಕಣ್ಣು ಮುಚ್ಚಿ ಹಾಗೇ ಕೂತುಬಿಟ್ಟರು. "ಆಮೇಲೆ ಕೂತ್ಕೊಳ್ಳೋರಂತೆ, ಎದ್ದೇಳಿ!" ಎಂದು ನಾನೇ ಗದರಿದೆ. ಯಜಮಾನರನ್ನು ಯಾರಾದರೂ ಗದರಿದ್ದು ಅದೇ ಮೊದಲು.

ಕೊಡ ಹೊತ್ತುಕೊಂಡು ಓಡಿದೆವು. ಕಾಳವ್ವ ಬೋಗುಣಿಗೆ ಸಿಹಿನೀರು ಹಾಕಿಟ್ಟುಕೊಂಡು ಕಾಯುತ್ತಿದ್ದಳು. ನಾನು ಬಾಣಂತಿನೀರು ಸುರಿದೆ. ಅದು ತನ್ನ ಅಭ್ಯಾಸದಂತೆ ಅಡಿಗಿಳಿದು ಕೂತಿತು. ಮೇಲೆ ಕೈಯಿಟ್ಟರೆ ಕೊರೆಯುವ ತಣ್ಣೀರು. ಕಾಳವ್ವ ಕೂಸನ್ನು ಎರಡೂ ಕೈಯಲ್ಲಿ ಹಿಡಿದು ಬೋಗುಣಿಯ ಮೇಲೆ ತಂದವಳು ಅಲ್ಲೇ ನಿಂತಳು. ದಿನ ತುಂಬಿದ ಕೂಸಾದರೆ ಹೊಟ್ಟೆಯ ಮೇಲೆ ತಣ್ಣೀರು ತಡೆದುಕೊಂಡು ಕಿರುಚುತ್ತದೆ. ಇದಕ್ಕೆ ಕಿರುಚುವ ಶಕ್ತಿ ಎಲ್ಲಿತ್ತು? ಬರೀ ಉಪ್ಪುನೀರಿಗೆ ಇಳಿಸೋಣವೆಂದರೆ ಆ ಎಳೆಯ ಚರ್ಮ ಸುಲಿದುಹೋದೀತು.

ಮನೆಯೊಳಗೆ, ಬಾಗಿಲಲ್ಲಿ, ಕಿಟಕಿಯಲ್ಲಿ ಜನ. ಏನು ಮಾಡಬೇಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಅಲುಗಾಡಲಿಲ್ಲ. ಪದ್ಮಿನಿಯ ಕೈ ಬೋಗುಣಿಯ ಕಡೆ ಬಂದು, ಯಜಮಾನರ ಮುಖ ನೋಡಿ, ಹಿಂದಕ್ಕೆ ಹೋಯಿತು. ಆಮೇಲೆ ಅವಳು ನನ್ನನ್ನು ನೋಡಿದಳು.

ನಾನು ಹೊನ್ನತ್ತೆಯ ಕೋಟಿನ ತೋಳನ್ನು ಮತ್ತೆ ಮೇಲಕ್ಕೆ ಮಡಚಿದೆ. ನನ್ನ ಗಿಡ್ಡ ಕೈಯನ್ನು ಬೋಗುಣಿಯ ತಳ ಮುಟ್ಟುವವರೆಗೆ ಇಳಿಸಿದೆ. ಮೇಲೆ ಕೊರೆತ, ನಡುವೆ ಏನೂ ಇಲ್ಲ, ಅಡಿಯಲ್ಲಿ ಬೆಚ್ಚಗೆ. ಇಡೀ ಕೆರೆಯೇ ಅಲ್ಲಿತ್ತು. ದೇವರೇ ಎಂದು ಒಂದು ಸುತ್ತು ತಿರುಗಿಸಿದೆ. ಇನ್ನೊಂದು ಸುತ್ತು. ಹಿಂದೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಗಾಬರಿಗೆ ನನ್ನ ಕೈ ಜೋರಾಯಿತು, ನೀರು ಅಂಚಿಗೆ ಬಡಿದು ತುಳುಕಿತು.

ಮರಿಸಿದ್ದಪ್ಪ ಬಾಗಿಲಿಂದ ಒಳಗೆ ಬಂದರು. ನನ್ನ ಪಕ್ಕ ಬಗ್ಗಿ ಬೋಗುಣಿಯೊಳಗೆ ಸುತ್ತುತ್ತಿದ್ದ ನೀರನ್ನು ನೋಡಿದರು.

"ಮೆಲ್ಲುಗೆ ಕಣೆ ನಂಜಿ" ಅಂದರು. "ಕಣ್ಣಿಗೆ ಸಿಡೀತದೆ ಕೂಸಿಗೆ."

ಮೆಲ್ಲಗೆ ತಿರುಗಿಸಿದೆ. ಕಾಳವ್ವ ಕೂಸನ್ನು ಇಳಿಸಿದಳು. ಬೆನ್ನಿಗೂ ಬೆಚ್ಚಗೆ, ಹೊಟ್ಟೆಗೂ ಬೆಚ್ಚಗೆ. ನಮ್ಮೂರಲ್ಲಿ ಹಾಗೆ ಮಿಂದ ಮೊದಲ ಕೂಸು ಅದು. ಕಿರುಚಲಿಲ್ಲ. ಕಾಲು ಚಾಚಿತು, ಬೆರಳು ಬಿಡಿಸಿತು, ಒಂದು ಕಣ್ಣು ತೆರೆದು ನಮ್ಮನ್ನೆಲ್ಲ ನೋಡಿ ದೊಡ್ಡದಾಗಿ ಆಕಳಿಸಿತು. ಪದ್ಮಿನಿ ನನ್ನ ತೋಳಿಗೆ ಹಣೆಯಿಟ್ಟು ಬಿಕ್ಕಿದಳು. ಯಜಮಾನರು ಜೇಬಿನಿಂದ ಚಮಚ ತೆಗೆದು ಸದ್ದಿಲ್ಲದೆ ಅವಳ ದಿಂಬಿನ ಮೇಲಿಟ್ಟರು. ನಾನು ಕೈ ಒರೆಸಿಕೊಂಡು ಖಾಲಿ ಕೊಡ ಎತ್ತಿಕೊಂಡೆ. ನೀರು ಆರುವುದರೊಳಗೆ ಇನ್ನೊಂದು ಬೇಕಿತ್ತು. ಇಪ್ಪತ್ತೊಂದು ಮಾರು, ಎರಡು ಗೇಣು.